ಬೃಹತ್ ಪರದೆಯೂ ಮುಂಜಾನೆಯ ಮೈದಾನವೂ

ಕೀರ್ತಿವಂತರನ್ನು ಅವರ ದೇಹಪ್ರಮಾಣಕ್ಕಿಂತ ದೊಡ್ಡವರನ್ನಾಗಿ ಮಾಡಿ ತೋರಿಸಬೇಕೆಂಬ ಹಂಬಲ ಮನುಷ್ಯನಿಗೆ ಇಂದು ನಿನ್ನೆ ಬಂದುದಲ್ಲ. ಕನ್ನಡ ನಾಡಿನ ಹಳ್ಳಿಹಳ್ಳಿಗಳ ಅಗಸೆಯ ಬಳಿ, ಕೆರೆಯ ಏರಿಯ ಮೇಲೆ, ಗುಡಿಯ ಹಿಂಬದಿಯಲ್ಲಿ ನಿಂತಿರುವ ವೀರಗಲ್ಲುಗಳೇ ಇದಕ್ಕೆ ಸಾಕ್ಷಿ. ಕೆಳಗಿನ ಪಟ್ಟಿಕೆಯಲ್ಲಿ ವೀರನ ಕಾದಾಟ, ನಡುವಣ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಒಯ್ಯುವ ನೋಟ, ಮೇಲಿನ ಪಟ್ಟಿಕೆಯಲ್ಲಿ ಶಿವಸಾನ್ನಿಧ್ಯ: ಹೀಗೆ ಒಬ್ಬ ಮನುಷ್ಯನ ಬದುಕನ್ನು ಮೂರು ಚಿತ್ರಗಳಲ್ಲಿ ಅಡಕಗೊಳಿಸುವ ಕಲೆಯನ್ನು ನಮ್ಮ ಹಿಂದಿನವರು ಬಲ್ಲವರಾಗಿದ್ದರು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೆನಿಸಿದ್ದ ಮಳಖೇಡವು ಸೇಡಂ ತಾಲ್ಲೂಕಿನಲ್ಲಿಯೇ ಇದೆ. ಅರಸರ ಪರಾಕ್ರಮವನ್ನು ಹೊಗಳುವ ಪ್ರಶಸ್ತಿ ಶಾಸನಗಳ ಪರಂಪರೆ ಈ ಭಾಗದ ಮಣ್ಣಿಗೆ ಹೊಸದೇನೂ ಅಲ್ಲ. ಕಾಲ ಬದಲಾದಂತೆ ಕಲ್ಲಿನ ಸ್ಥಾನವನ್ನು ಪರದೆ ಆಕ್ರಮಿಸಿತು. ಅರಸನ ಸ್ಥಾನಕ್ಕೆ ಕ್ರೀಡಾಪಟು ಬಂದನು.

ಅಂತಹ ಆಧುನಿಕ ಪ್ರಶಸ್ತಿಗಳಲ್ಲಿ ಗಾತ್ರದಿಂದಲೇ ಗಮನ ಸೆಳೆಯುವ ಒಂದು ಚಲನಚಿತ್ರ 2000ದ ಮೇ ತಿಂಗಳಿನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾಯಿತು. ಅದರ ಹೆಸರು ‘ಮೈಕೇಲ್ ಜಾರ್ಡನ್ ಟು ದಿ ಮ್ಯಾಕ್ಸ್’. ಡಾನ್ ಕೆಂಫ್ ಮತ್ತು ಜೇಮ್ಸ್ ಸ್ಟರ್ನ್ ಅದರ ನಿರ್ದೇಶಕರು. ಹಿನ್ನೆಲೆಯ ನಿರೂಪಣೆ ನಟ ಲಾರೆನ್ಸ್ ಫಿಷ್‌ಬರ್ನ್ ಅವರದು. ಬಾಸ್ಕೆಟ್‌ಬಾಲ್ ಆಟದ ಅದ್ವಿತೀಯ ಪಟುವಾದ ಮೈಕೇಲ್ ಜಾರ್ಡನ್ನನ ಜೀವನವನ್ನು, ಅದರಲ್ಲಿಯೂ 1998ರ ಅಂತಿಮ ಸುತ್ತಿನ ಪಂದ್ಯಗಳನ್ನು, ಮುಕ್ಕಾಲು ಗಂಟೆಯ ಅವಧಿಯಲ್ಲಿ ಕಣ್ಣಿಗೆ ಕಟ್ಟುವಂತೆ ಮಾಡುವುದು ಅದರ ಉದ್ದೇಶ. ಅದು ಸಾಮಾನ್ಯ ಚಿತ್ರಮಂದಿರಕ್ಕಾಗಿ ತೆಗೆದ ಚಿತ್ರವಲ್ಲ. ಐಮ್ಯಾಕ್ಸ್ ಎಂಬ ಬೃಹತ್ ಪರದೆಗಾಗಿಯೇ ತೆಗೆದುದು. ಕೆನಡಾದವರು ರೂಪಿಸಿದ ಈ ಪದ್ಧತಿ 1970ರಲ್ಲಿ ಜಪಾನಿನ ಒಸಾಕಾ ವಸ್ತುಪ್ರದರ್ಶನದಲ್ಲಿ ಮೊದಲ ಬಾರಿಗೆ ಲೋಕದ ಕಣ್ಣಿಗೆ ಬಿದ್ದಿತು. ಇದರಲ್ಲಿ 70 ಮಿಲಿಮೀಟರ್ ಅಗಲದ ಫಿಲ್ಮು ಮೇಲಿನಿಂದ ಕೆಳಕ್ಕೆ ಹರಿಯದೆ ಅಡ್ಡಲಾಗಿ ಹರಿಯುತ್ತದೆ. ಒಂದೊಂದು ಚೌಕಟ್ಟೂ ಹದಿನೈದು ರಂಧ್ರಗಳಷ್ಟು ಉದ್ದವಾಗಿರುತ್ತದೆ. ಸಾಮಾನ್ಯ 35 ಮಿಲಿಮೀಟರ್ ಚಿತ್ರದ ಚೌಕಟ್ಟಿಗಿಂತ ಅದರ ವಿಸ್ತಾರ ಹಲವು ಪಟ್ಟು ಹೆಚ್ಚು. ಆದುದರಿಂದಲೇ ಹಲವು ಅಂತಸ್ತುಗಳ ಕಟ್ಟಡದಷ್ಟು ಎತ್ತರದ ಪರದೆಯ ಮೇಲೆಯೂ ಆಟಗಾರನ ಹಣೆಯ ಬೆವರಿನ ಹನಿ ಮಸುಕಾಗದೆ ಕಾಣಿಸುತ್ತದೆ.

ಇಂತಹ ಚಿತ್ರಕ್ಕೂ ಕುರಕುಂಟಾದಂತಹ ಊರಿಗೂ ಎತ್ತಣ ಸಂಬಂಧವೆಂದು ಓದುಗರಿಗೆ ಅನಿಸುವುದು ಸಹಜ. ಕುರಕುಂಟಾ ಸೇಡಂ ತಾಲ್ಲೂಕಿನ ಪೂರ್ವದಂಚಿನಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲುಮಾರ್ಗದ ಮೇಲಿದೆ. ಮೇಲೆ ತೊಗರಿ ಜೋಳ ಬೆಳೆಯುವ ಭೂಮಿ, ಕೆಳಗೆ ಸುಣ್ಣಕಲ್ಲಿನ ಹಾಸು. ಕನ್ನಡ, ತೆಲುಗು, ದಖ್ಖನಿ ಉರ್ದು ಮೂರೂ ಅಲ್ಲಿನ ಸಂತೆಯಲ್ಲಿ ಕಿವಿಗೆ ಬೀಳುತ್ತವೆ. ಆ ಸುಣ್ಣಕಲ್ಲನ್ನೇ ನಂಬಿ ಭಾರತ ಸಿಮೆಂಟ್ ನಿಗಮದ ಕಾರ್ಖಾನೆಯೊಂದು 1970ರ ದಶಕದಲ್ಲಿ ಅಲ್ಲಿ ತಲೆಯೆತ್ತಿತು. 1998ರಲ್ಲಿ ಅದರ ಗೂಡು ಆರಿತು. ಜಾರ್ಡನ್ನನು ತನ್ನ ಜೀವನದ ಅತ್ಯಂತ ಪ್ರಸಿದ್ಧವಾದ ಚೆಂಡನ್ನು ಎಸೆದ ವರ್ಷವೂ ಅದೇ. ಆ ವರ್ಷದ ಜೂನ್ 14ರಂದು ಷಿಕಾಗೊ ನಗರದಲ್ಲಿ ಹಬ್ಬವಾಗಿದ್ದರೆ, ಅದೇ ವರ್ಷ ಕುರಕುಂಟಾದ ಅನೇಕ ಮನೆಗಳಲ್ಲಿ ನಾಳಿನ ಚಿಂತೆ ಆವರಿಸಿತ್ತು.

ಆ ಭಾಗದ ಪ್ರೌಢಶಾಲೆಯೊಂದರಲ್ಲಿ ಆಗ ದೈಹಿಕ ಶಿಕ್ಷಕರೊಬ್ಬರಿದ್ದರು. ಮಕ್ಕಳಿಗೆ ಅವರು ‘ಆಟದ ಮಾಸ್ತರರು’ ಎಂದೇ ಪರಿಚಿತರು. ಕಬಡ್ಡಿ, ಖೋ ಖೋ ಆಟಗಳಿಗೆ ಮಾತ್ರ ಮೀಸಲಾಗಿದ್ದ ಮೈದಾನದ ಒಂದು ಮೂಲೆಯಲ್ಲಿ ಅವರು ಎರಡು ಕಬ್ಬಿಣದ ಕಂಬಗಳನ್ನು ನೆಡಿಸಿ, ಹಲಗೆಗಳನ್ನು ಬಿಗಿಸಿ, ಬಾಸ್ಕೆಟ್‌ಬಾಲ್ ಅಂಕಣವೊಂದನ್ನು ಅಣಿಗೊಳಿಸಿದ್ದರು. ಬೇಸಿಗೆಯಲ್ಲಿ ನೆಲ ಬಿರಿಯುತ್ತಿತ್ತು. ಮಳೆಗಾಲದಲ್ಲಿ ಚೆಂಡಿಗೆ ಎರೆಮಣ್ಣು ಮೆತ್ತಿ ಅದು ಪುಟಿಯಲೊಲ್ಲದಾಗುತ್ತಿತ್ತು. ಆದರೂ ಬಳೆಯ ಎತ್ತರದಲ್ಲಿ ಮಾಸ್ತರರು ಒಂದು ಅಂಗುಲವನ್ನೂ ರಿಯಾಯಿತಿ ಕೊಡಲಿಲ್ಲ. ನೆಲದಿಂದ ಹತ್ತು ಅಡಿ ಎಂದರೆ ಹತ್ತು ಅಡಿ.

ಆ ಹತ್ತು ಅಡಿಯ ಕಥೆಯನ್ನು ಅವರು ಪ್ರತಿ ವರ್ಷವೂ ಹೊಸ ಮಕ್ಕಳಿಗೆ ಹೇಳುತ್ತಿದ್ದರು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕನಿಗೆ, ಚಳಿಗಾಲದಲ್ಲಿ ಒಳಾಂಗಣದಲ್ಲಿಯೇ ಆಡಬಹುದಾದ ಆಟವೊಂದನ್ನು ಕಲ್ಪಿಸುವ ಹೊಣೆ ಬಂದಿತು. ಆತ ಪೆಟ್ಟಿಗೆಗಳನ್ನು ಕೇಳಿದ. ಜವಾನನಲ್ಲಿ ಇದ್ದುದು ಪೀಚ್ ಹಣ್ಣಿನ ಬುಟ್ಟಿಗಳು. ಅವನ್ನು ಉಪ್ಪರಿಗೆಯ ಕಟಕಟೆಗೆ ಮೊಳೆ ಹೊಡೆದು ತೂಗುಹಾಕಲಾಯಿತು. ಆ ಕಟಕಟೆಯ ಎತ್ತರ ಹತ್ತು ಅಡಿ ಇದ್ದುದರಿಂದ ಲೋಕದ ಎಲ್ಲ ಬಳೆಗಳೂ ಇಂದಿಗೂ ಹತ್ತು ಅಡಿಯ ಮೇಲಿವೆ. ಹದಿಮೂರು ನಿಯಮಗಳ ಆ ಆಟ ಕ್ರೈಸ್ತ ಯುವಕ ಸಂಘದ ಮೂಲಕ ಭಾರತಕ್ಕೂ ಬಂದಿತು. 1920ರಲ್ಲಿ ಹ್ಯಾರಿ ಕ್ರೋ ಬಕ್ ಅವರು ಮದರಾಸಿನಲ್ಲಿ ಸ್ಥಾಪಿಸಿದ ವ್ಯಾಯಾಮ ಶಿಕ್ಷಣ ಕಾಲೇಜಿನಲ್ಲಿ ತರಬೇತಿ ಪಡೆದ ಶಿಕ್ಷಕರು ಇಂತಹ ಆಟಗಳನ್ನು ದಕ್ಷಿಣದ ಊರೂರಿಗೆ ಒಯ್ದರು. “ಈ ಆಟವನ್ನು ಹುಟ್ಟಿಸಿದವನು ಯಾವ ವೀರನೂ ಅಲ್ಲ, ನನ್ನಂತಹ ಒಬ್ಬ ಆಟದ ಮಾಸ್ತರ” ಎಂದು ಹೇಳುವಾಗ ಅವರ ಮುಖದಲ್ಲಿ ಮೂಡುತ್ತಿದ್ದ ಹೆಮ್ಮೆಯನ್ನು ಕಂಡವರು ಮರೆಯಲಾರರು.

ಬೃಹತ್ ಪರದೆಯ ಆ ಚಿತ್ರ ಬಿಡುಗಡೆಯಾದ ಕೆಲವು ವರ್ಷಗಳ ತರುವಾಯ, ವಿದೇಶದಲ್ಲಿ ನೆಲಸಿದ್ದ ಹಳೆಯ ವಿದ್ಯಾರ್ಥಿಯೊಬ್ಬನು ಅದರ ಅಡಕ ಮುದ್ರಿಕೆಯನ್ನು ಮಾಸ್ತರರಿಗೆ ಕಳುಹಿಸಿಕೊಟ್ಟನು. ಅಂತಸ್ತುಗಳ ಎತ್ತರದ ಪರದೆಗೆಂದು ತೆಗೆದ ಚಿತ್ರವನ್ನು ಶಾಲೆಯ ಒಂದು ಕೋಣೆಯಲ್ಲಿ, ಇಪ್ಪತ್ತೊಂದು ಅಂಗುಲದ ಪೆಟ್ಟಿಗೆಯಲ್ಲಿ, ಕಿಟಕಿಗಳಿಗೆ ಚಾದರ ಕಟ್ಟಿ ನಾಲ್ವತ್ತು ಹುಡುಗರು ನೋಡಿದರು. ಇಂಗ್ಲಿಷಿನ ಮಾತು ಬಹುತೇಕರಿಗೆ ತಿಳಿಯಲಿಲ್ಲ. ತಿಳಿಯಬೇಕಾದ ಅಗತ್ಯವೂ ಬೀಳಲಿಲ್ಲ. ಒಬ್ಬ ಮನುಷ್ಯ ನೆಲದಿಂದ ಮೇಲೆದ್ದು, ಕೆಳಗಿಳಿಯುವ ಸಂಗತಿಯನ್ನೇ ಮರೆತವನಂತೆ ಗಾಳಿಯಲ್ಲಿ ನಿಲ್ಲುವುದನ್ನು ಕಂಡು ಕೋಣೆ ಸ್ತಬ್ಧವಾಯಿತು.

1998ರ ಕೊನೆಯ ಪಂದ್ಯದ ಕಥೆಯನ್ನು ಮಾಸ್ತರರು ಚಿತ್ರ ಮುಗಿದ ಮೇಲೆ ಕನ್ನಡದಲ್ಲಿ ಬಿಡಿಸಿ ಹೇಳಿದರು. ಯೂಟಾ ತಂಡದ ತವರಾದ ಸಾಲ್ಟ್ ಲೇಕ್ ಸಿಟಿಯಲ್ಲಿ ಆಟ. ಕಾಲ ಮುಗಿಯಲು ಒಂದು ನಿಮಿಷವೂ ಇಲ್ಲದಾಗ ಷಿಕಾಗೊ ಬುಲ್ಸ್ ತಂಡ ಹಿಂದಿತ್ತು. ಜಾರ್ಡನ್ ಮೊದಲು ಎರಡು ಅಂಕ ಗಳಿಸಿದ. ಅನಂತರ ಎದುರಾಳಿ ಕಾರ್ಲ್ ಮಲೋನನ ಕೈಯಿಂದ ಚೆಂಡನ್ನು ಕಸಿದ. ಕೊನೆಗೆ ಐದೇ ಸೆಕೆಂಡುಗಳು ಉಳಿದಿರುವಾಗ ಎಸೆದ ಚೆಂಡು ಬಳೆಯೊಳಗೆ ಇಳಿಯಿತು. 87ಕ್ಕೆ 86ರ ಜಯ. ಅವುಗಳಲ್ಲಿ 45 ಅಂಕಗಳು ಅವನೊಬ್ಬನವೇ. ಅದು ಅವನ ತಂಡದ ಆರನೆಯ ಕಿರೀಟ. 1991ರಿಂದ ಮೂರು, 1996ರಿಂದ ಮತ್ತೆ ಮೂರು. ನಡುವೆ 1993ರಲ್ಲಿ ತಂದೆಯ ಕೊಲೆ, ಆಟದಿಂದ ನಿವೃತ್ತಿ, ಬೇಸ್‌ಬಾಲ್ ಆಡಿದ ಒಂದು ವರ್ಷ, ಮರಳಿ ಬಂದುದು. ವೀರಗಲ್ಲಿನ ಮೂರು ಪಟ್ಟಿಕೆಗಳೂ ಅಲ್ಲಿದ್ದುವು.

ಅಂದಿನಿಂದ ಅಂಕಣದಲ್ಲಿ ಮಕ್ಕಳ ಸಂಖ್ಯೆ ಇಮ್ಮಡಿಸಿತು. ಇಷ್ಟು ಮಾತ್ರ ನಡೆದಿದ್ದರೆ ಆ ಚಿತ್ರದ ಬಗೆಗೆ ಇನ್ನೇನೂ ಹೇಳಬೇಕಾಗಿರಲಿಲ್ಲ.

ಆ ವರ್ಷ ತಾಲ್ಲೂಕು ಮಟ್ಟದ ಪಂದ್ಯಗಳಿಗೆ ತಂಡವನ್ನು ಆರಿಸುವ ದಿನ ಬಂದಿತು. ಒಂಬತ್ತನೆಯ ತರಗತಿಯ ಹುಡುಗನೊಬ್ಬನಿದ್ದ. ಅವನ ತಂದೆ ಕಾರ್ಖಾನೆ ನಿಂತ ಮೇಲೆ ಶಹಾಬಾದಿನ ಕಲ್ಲುಗಣಿಗಳ ಕಡೆಗೆ ಕೂಲಿಗೆ ಹೋಗುತ್ತಿದ್ದವರು. ಹುಡುಗ ಗಿಡ್ಡ, ಆದರೆ ಅವನಷ್ಟು ಶ್ರದ್ಧೆ ಇನ್ನೊಬ್ಬರಲ್ಲಿ ಇರಲಿಲ್ಲ. ಮಾಸ್ತರರು ಹನ್ನೆರಡು ಹೆಸರುಗಳನ್ನು ಓದಿದರು. ಅವನ ಹೆಸರು ಅದರಲ್ಲಿರಲಿಲ್ಲ. ಅವನಿಗಿಂತ ಒಂದು ಗೇಣು ಎತ್ತರದ, ಅವನಷ್ಟು ಚುರುಕಲ್ಲದ ಹುಡುಗನೊಬ್ಬನ ಹೆಸರಿತ್ತು. ಎಲ್ಲರೂ ಹೋದ ಮೇಲೆಯೂ ಆ ಹುಡುಗ ಕಂಬದ ಬುಡದಲ್ಲಿ ಕುಳಿತೇ ಇದ್ದ. ಮಾಸ್ತರರು ಅವನ ಬಳಿಗೆ ಹೋಗಿ, ತಾವು ಎಷ್ಟೋ ವರ್ಷಗಳಿಂದ ಇಂತಹ ಹುಡುಗರಿಗೆ ಹೇಳುತ್ತ ಬಂದಿದ್ದ ಸಮಾಧಾನದ ಕಥೆಯನ್ನು ಹೇಳಿದರು. “ಜಾರ್ಡನ್ನನನ್ನೂ ಅವನ ಶಾಲೆಯ ತಂಡದಿಂದ ತೆಗೆದುಹಾಕಿದ್ದರು. ಅವನ ಯೋಗ್ಯತೆ ಅಲ್ಲಿನ ಮಾಸ್ತರನಿಗೆ ತಿಳಿಯಲಿಲ್ಲ. ಅವನು ಹಟ ತೊಟ್ಟು ಜಗತ್ತನ್ನೇ ಗೆದ್ದ.”

ಜಾರ್ಡನ್ನನ ಹೆಸರು ಎಲ್ಲೆಲ್ಲಿ ಹೋಗಿದೆಯೋ ಅಲ್ಲೆಲ್ಲ ಹೋಗಿರುವ ಕಥೆ ಅದು. ಭಿತ್ತಿಪತ್ರಗಳಲ್ಲಿ, ಭಾಷಣಗಳಲ್ಲಿ, ಪಠ್ಯಗಳಲ್ಲಿ ಅದು ಸಾವಿರ ಬಾರಿ ಬಂದಿದೆ. ಹುಡುಗ ಅದನ್ನು ಗಮನವಿಟ್ಟು ಕೇಳಿದ. ಬಳಿಕ ತಲೆಯೆತ್ತಿ, ಯಾವ ಕುಹಕವೂ ಇಲ್ಲದೆ ಕೇಳಿದ: “ಹಾಗಾದರೆ ಇಂದು ತಾವೂ ತಪ್ಪು ಮಾಡಿದಿರೇನ್ರೀ ಸರ್?”

ಮಾಸ್ತರರಲ್ಲಿ ಉತ್ತರವಿರಲಿಲ್ಲ. ಹೌದೆಂದರೆ ಆಯ್ಕೆಯಾದ ಹುಡುಗನಿಗೆ ಅನ್ಯಾಯ. ಅಲ್ಲವೆಂದರೆ ಹೇಳಿದ ಕಥೆಗೆ ಅರ್ಥವಿಲ್ಲ. ಸಮಾಧಾನಕ್ಕೆಂದು ತಾವು ಎತ್ತಿಕೊಂಡ ಕಥೆ ತಮ್ಮನ್ನೇ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುತ್ತದೆ ಎಂಬುದು ಅಷ್ಟು ವರ್ಷಗಳಲ್ಲಿ ಅವರಿಗೆ ಹೊಳೆದಿರಲಿಲ್ಲ. ಅಂದು ಅವರು ಹುಡುಗನ ಹೆಗಲ ಮೇಲೆ ಕೈಯಿಟ್ಟು ಸುಮ್ಮನೆ ಮನೆಯ ಕಡೆಗೆ ನಡೆದರು.

ಆ ಪ್ರಶ್ನೆ ಅವರನ್ನು ಬಹುಕಾಲ ಬಿಡಲಿಲ್ಲ. 2009ರ ಸೆಪ್ಟೆಂಬರಿನಲ್ಲಿ ಜಾರ್ಡನ್ನನಿಗೆ ಸ್ಪ್ರಿಂಗ್‌ಫೀಲ್ಡಿನಲ್ಲಿ, ನೈಸ್ಮಿತ್‌ನ ಹೆಸರಿನಲ್ಲಿಯೇ ಇರುವ ಕೀರ್ತಿಮಂದಿರದಲ್ಲಿ, ಸ್ಥಾನ ದೊರೆಯಿತು. ಅಂದಿನ ಭಾಷಣದಲ್ಲಿ ಅವನು ಶಾಲೆಯ ದಿನಗಳಲ್ಲಿ ತನ್ನ ಬದಲಿಗೆ ಆಯ್ಕೆಯಾದ ಲೀರಾಯ್ ಸ್ಮಿತ್ ಎಂಬ ಗೆಳೆಯನನ್ನು ಹೆಸರಿಸಿದ. ಅವನನ್ನು ಆರಿಸಿದ ತರಬೇತಿದಾರನು ತಪ್ಪು ಮಾಡಿದನೆಂದು ಮೂವತ್ತು ವರ್ಷಗಳ ಬಳಿಕವೂ ಸಭೆಯ ಮುಂದೆ ಹೇಳಿದ. ಸಭೆ ನಕ್ಕಿತು. ಸುದ್ದಿಯನ್ನು ಓದಿದ ಕುರಕುಂಟಾದ ಮಾಸ್ತರರಿಗೆ ನಗು ಬರಲಿಲ್ಲ.

ನಿಜಸಂಗತಿ ಅವರಿಗೆ ತಿಳಿದುದು ಇನ್ನೂ ಕೆಲವು ವರ್ಷಗಳ ಮೇಲೆ. 2012ರಲ್ಲಿ ‘ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್’ ಎಂಬ ಅಮೆರಿಕದ ಕ್ರೀಡಾಪತ್ರಿಕೆ ಆ ಹಳೆಯ ಕಥೆಯ ಬೆನ್ನು ಹತ್ತಿ ದೀರ್ಘವಾದ ಲೇಖನವೊಂದನ್ನು ಪ್ರಕಟಿಸಿತು. ಅದರ ಪ್ರತಿಯನ್ನು ಹಿಂದಿನ ಅದೇ ವಿದ್ಯಾರ್ಥಿ ಅವರಿಗೆ ಕಳುಹಿಸಿದನು. ಉತ್ತರ ಕೆರೋಲಿನಾದ ವಿಲ್ಮಿಂಗ್ಟನ್ ಎಂಬ ಊರಿನ ಲೇನಿ ಪ್ರೌಢಶಾಲೆ. 1978ನೆಯ ವರ್ಷ. ಜಾರ್ಡನ್ನನಿಗೆ ಹದಿನೈದು ವರ್ಷ. ಎತ್ತರ ಆರಡಿಗೂ ಕಡಿಮೆ. ಶಾಲೆಯಲ್ಲಿ ಹಿರಿಯರ ತಂಡ, ಕಿರಿಯರ ತಂಡ ಎಂದು ಎರಡಿದ್ದುವು. ಹಿರಿಯರ ತಂಡಕ್ಕೆ ಬೇಕಾಗಿದ್ದುದು ಎತ್ತರದ ಆಟಗಾರ. ಲೀರಾಯ್ ಸ್ಮಿತ್ ಆರೂವರೆ ಅಡಿಗೂ ಮಿಗಿಲಾಗಿದ್ದ. ಆದುದರಿಂದ ಅವನನ್ನು ಮೇಲಕ್ಕೆ ತೆಗೆದುಕೊಂಡು, ಜಾರ್ಡನ್ನನನ್ನು ಕಿರಿಯರ ತಂಡದಲ್ಲಿರಿಸಿದರು. ಅಲ್ಲಿ ಅವನಿಗೆ ಪ್ರತಿ ಪಂದ್ಯದಲ್ಲಿಯೂ ಮನದಣಿಯೆ ಆಡುವ ಅವಕಾಶ ದೊರೆಯಿತು. ಹಿರಿಯರ ತಂಡದಲ್ಲಾಗಿದ್ದರೆ ಬೆಂಚಿನ ಮೇಲೆ ಕೂರಬೇಕಾಗುತ್ತಿತ್ತು. ಮರುವರ್ಷ ಅವನು ಹಿರಿಯರ ತಂಡಕ್ಕೆ ಬಂದ. ತೆಗೆದುಹಾಕಿದ ಮಾತೇ ಇಲ್ಲ. ಬೆಳೆಯಲು ಬಿಟ್ಟ ಮಾತು ಮಾತ್ರ ಇತ್ತು.

ಆ ತರಬೇತಿದಾರನ ಹೆಸರು ಕ್ಲಿಫ್ಟನ್ ಹೆರಿಂಗ್. ಊರವರ ಬಾಯಲ್ಲಿ ‘ಪಾಪ್’ ಹೆರಿಂಗ್. ಅವನು ಅದೇ ಶಾಲೆಯ ತರುಣ ತರಬೇತಿದಾರ. ಹುಡುಗ ಜಾರ್ಡನ್ನನನ್ನು ಮುಂಜಾನೆ ತನ್ನ ವಾಹನದಲ್ಲಿ ಕೂರಿಸಿಕೊಂಡು ಬಂದು, ಪಾಠಗಳು ಆರಂಭವಾಗುವ ಮೊದಲೇ ವ್ಯಾಯಾಮಶಾಲೆಯ ಬಾಗಿಲು ತೆರೆದು ಅಭ್ಯಾಸ ಮಾಡಿಸಿದವನು ಅವನೇ. ಹುಡುಗ ಕಾಲೇಜಿನವರ ಕಣ್ಣಿಗೆ ಬೀಳಲೆಂದು ಶ್ರಮಿಸಿದವರಲ್ಲಿಯೂ ಅವನಿದ್ದ. ಮುಂದೆ ಕೆಲವೇ ವರ್ಷಗಳಲ್ಲಿ ಅನಾರೋಗ್ಯದಿಂದ ಅವನ ತರಬೇತಿಯ ವೃತ್ತಿ ಕೈಬಿಟ್ಟಿತು. ಶಿಷ್ಯನ ಕೀರ್ತಿ ಪರದೆಯಿಂದ ಪರದೆಗೆ ಬೆಳೆಯುತ್ತ ಹೋದಂತೆ ಗುರುವು ಆ ಕಥೆಯಲ್ಲಿ ‘ಯೋಗ್ಯತೆಯನ್ನು ಗುರುತಿಸದ ಮೂಢ’ನಾಗಿ ಉಳಿದುಕೊಂಡ. ವೀರನನ್ನು ಎತ್ತರಕ್ಕೆ ಏರಿಸಲು ಒಂದು ತಗ್ಗು ಬೇಕಾಗಿತ್ತು. ಆ ತಗ್ಗಿಗೆ ಮಾಸ್ತರನನ್ನು ತಳ್ಳಲಾಯಿತು.

ಲೇಖನವನ್ನು ಓದಿ ಮುಗಿಸಿದ ಮಾಸ್ತರರು ತಮ್ಮ ಮನೆಯ ಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತರಂತೆ. ಅವರನ್ನು ನೋಯಿಸಿದುದು ದೂರದ ಹೆರಿಂಗನಿಗಾದ ಅನ್ಯಾಯವೊಂದೇ ಅಲ್ಲ. ಅಷ್ಟು ವರ್ಷ, ಅಷ್ಟು ಮಕ್ಕಳ ಮುಂದೆ, ಆ ಅನ್ಯಾಯವನ್ನು ಕನ್ನಡದಲ್ಲಿ ಹೇಳಿದವರು ತಾವೇ ಆಗಿದ್ದರು ಎಂಬುದು ಅವರನ್ನು ಹೆಚ್ಚು ನೋಯಿಸಿತು. ತಮ್ಮ ವೃತ್ತಿಯ ಸಹೋದರನೊಬ್ಬನ ಮೇಲೆ, ತಮಗೆ ತಿಳಿಯದೆಯೇ, ಅವರು ಕಲ್ಲು ಎಸೆಯುತ್ತ ಬಂದಿದ್ದರು.

ಬೃಹತ್ ಪರದೆ ಎಂದರೆ ನಿಜಕ್ಕೂ ಎಷ್ಟು ದೊಡ್ಡದೆಂಬುದನ್ನು ಅವರು ಒಮ್ಮೆ ಹೈದರಾಬಾದಿನಲ್ಲಿ ಕಂಡಿದ್ದರು. ಅಲ್ಲಿ 2003ರಲ್ಲಿ ತೆರೆದ ಐಮ್ಯಾಕ್ಸ್ ಮಂದಿರದ ಪರದೆಯ ಎತ್ತರ ಆಗ ಎಪ್ಪತ್ತು ಅಡಿಗೂ ಮಿಗಿಲಾಗಿತ್ತು. ಅವರು ನೋಡಿದುದು ಬೇರೊಂದು ಚಿತ್ರ. ಆದರೆ ಮುಂದಿನ ಸಾಲಿನಲ್ಲಿ ಕುಳಿತವರಿಗೆ ಪರದೆಯ ಅಂಚುಗಳೇ ಕಾಣುವುದಿಲ್ಲವೆಂಬುದು ಅವರ ಗಮನಕ್ಕೆ ಬಂದಿತ್ತು. ಈಗ ಆ ಅನುಭವ ಅವರಿಗೆ ಮತ್ತೆ ನೆನಪಾಯಿತು. ಅಂಚು ಕಾಣದವನಿಗೆ ಅಂಚಿನಾಚೆ ಏನಾದರೂ ಇದ್ದೀತೆಂಬ ಭಾವನೆಯೇ ಹುಟ್ಟುವುದಿಲ್ಲ. ಆದರೆ ಪ್ರತಿಯೊಂದು ಗೆಲುವಿನ ಬಹುಭಾಗ ಇರುವುದು ಆ ಅಂಚಿನಾಚೆಯಲ್ಲಿಯೇ.

ಜಾರ್ಡನ್ನನ ಬದುಕೇ ಇದಕ್ಕೆ ನಿದರ್ಶನಗಳನ್ನು ಒದಗಿಸುತ್ತದೆ. 1997ರ ಅಂತಿಮ ಸರಣಿಯನ್ನು ಗೆದ್ದುಕೊಟ್ಟ ಎಸೆತ ಅವನದಲ್ಲ. ಇಬ್ಬರು ಎದುರಾಳಿಗಳು ತನ್ನನ್ನು ಮುತ್ತಿದಾಗ ಅವನು ಚೆಂಡನ್ನು ಸ್ಟೀವ್ ಕೆರ್‌ಗೆ ದಾಟಿಸಿದ. ಚೆಂಡನ್ನು ಬಳೆಗೆ ಇಳಿಸಿದವನು ಕೆರ್. 1993ರ ಸರಣಿಯ ಕೊನೆಯ ನಿರ್ಣಾಯಕ ಎಸೆತ ಜಾನ್ ಪ್ಯಾಕ್ಸನ್ನನದು. ಲೀರಾಯ್ ಸ್ಮಿತ್ ಕೂಡ ಅಯೋಗ್ಯನೇನೂ ಆಗಿರಲಿಲ್ಲ. ಕಾಲೇಜು ತಂಡದಲ್ಲಿ ಆಡಿ, ವಿದೇಶಗಳಲ್ಲಿಯೂ ವೃತ್ತಿಪರನಾಗಿ ಆಡಿದ. 1998ರ ಕೊನೆಯ ಎಸೆತಕ್ಕೆ ಕಥೆ ಮುಗಿಯಲೂ ಇಲ್ಲ. 2000ದ ಆ ಚಿತ್ರ ಪೂರ್ಣವಿರಾಮ ಹಾಕಿದ ಮೇಲೆ ಜಾರ್ಡನ್ 2001ರಲ್ಲಿ ಮತ್ತೆ ಬಂದು, ವಾಷಿಂಗ್ಟನ್ ತಂಡದಲ್ಲಿ ಎರಡು ಋತುಗಳನ್ನು ಯಾವ ಕಿರೀಟವೂ ಇಲ್ಲದೆ ಆಡಿದ. ನಿಜವಾದ ಬದುಕು ಯಾವ ಪ್ರಶಸ್ತಿಗಿಂತಲೂ ಉದ್ದವಾದುದು.

ಇದರಿಂದ ಆ ಚಿತ್ರವನ್ನು ತೆಗಳಬೇಕಾಗಿಲ್ಲ. ಪ್ರಶಸ್ತಿ ಪ್ರಶಸ್ತಿಯೇ, ಅದು ತನ್ನ ಕೆಲಸವನ್ನು ಮಾಡಿತು. ಕುರಕುಂಟಾದ ನಾಲ್ವತ್ತು ಹುಡುಗರನ್ನು ಅದು ಮೈದಾನಕ್ಕೆ ಕರೆತಂದಿತು. ಆದರೆ ಬಂದ ಹುಡುಗರನ್ನು ಮೈದಾನದಲ್ಲಿ ಉಳಿಸುವ ಕೆಲಸ ಯಾವ ಪರದೆಯಿಂದಲೂ ಆಗುವುದಿಲ್ಲ.

ಮಾಸ್ತರರ ಸೇವಾವಧಿಯಲ್ಲಿ ಆಗ ಕೆಲವು ವರ್ಷಗಳು ಉಳಿದಿದ್ದುವು. ಆಯ್ಕೆಯ ದಿನ ಅವರು ಹಳೆಯ ಕಥೆಯನ್ನು ಹೇಳುವುದನ್ನು ನಿಲ್ಲಿಸಿದರು. ಅದರ ಬದಲಿಗೆ, ಹನ್ನೆರಡು ಹೆಸರುಗಳನ್ನು ಓದಿದ ಬಳಿಕ, ಉಳಿದವರನ್ನು ಕರೆದು ಹೀಗೆ ಹೇಳುತ್ತಿದ್ದರು: “ನಿಮ್ಮನ್ನು ಏಕೆ ತೆಗೆದುಕೊಳ್ಳಲಿಲ್ಲವೆಂಬುದನ್ನು ಒಬ್ಬೊಬ್ಬರಿಗೂ ಹೇಳುತ್ತೇನೆ. ನನ್ನ ನಿರ್ಣಯ ಸರಿಯಿರಬಹುದು, ತಪ್ಪಿರಲೂಬಹುದು. ನಾಳೆ ಬೆಳಿಗ್ಗೆ ಐದೂವರೆಗೆ ಮೈದಾನದ ಬಾಗಿಲು ತೆರೆದಿರುತ್ತದೆ, ನಾನೂ ಅಲ್ಲಿರುತ್ತೇನೆ.” ಮರುದಿನ ಎಲ್ಲರೂ ಬರುತ್ತಿರಲಿಲ್ಲ. ಬಂದವರಿಗೆ ಮಾಸ್ತರರು ಇರುತ್ತಿದ್ದರು. ನಿವೃತ್ತರಾಗುವ ದಿನದವರೆಗೂ ಆ ಬಾಗಿಲು ಒಂದು ದಿನವೂ ತಡವಾಗಿ ತೆರೆದುದನ್ನು ಯಾರೂ ಕಾಣರು.

ಪ್ರಶ್ನೆ ಕೇಳಿದ ಆ ಗಿಡ್ಡ ಹುಡುಗ ಜಾರ್ಡನ್ ಆಗಲಿಲ್ಲ. ಜಿಲ್ಲಾ ತಂಡಕ್ಕೂ ಅವನು ಆಯ್ಕೆಯಾಗಲಿಲ್ಲ. ಈಗ ಅವನು ವಾಡಿಯಲ್ಲಿ ಉದ್ಯೋಗದಲ್ಲಿದ್ದಾನೆ. ರಜೆಯ ದಿನಗಳಲ್ಲಿ ಬೆಳಗಿನ ಗಾಡಿಗೆ ಕುರಕುಂಟಾಕ್ಕೆ ಬಂದು, ಹಳೆಯ ಅಂಕಣದಲ್ಲಿ ಚಿಕ್ಕ ಮಕ್ಕಳಿಗೆ ಚೆಂಡು ಪುಟಿಸುವುದನ್ನು ಕಲಿಸುತ್ತಾನೆ. ನಿವೃತ್ತ ಮಾಸ್ತರರೂ ಕೈಕೋಲು ಊರಿಕೊಂಡು ಬಂದು ಕಟ್ಟೆಯ ಮೇಲೆ ಕೂರುತ್ತಾರೆ. ಒಂದು ಮುಂಜಾನೆ ಅವರು ಅವನನ್ನು ಹತ್ತಿರ ಕರೆದು, “ಅಂದು ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿರಲಿಲ್ಲ” ಎಂದರು. ಅವನು ನಕ್ಕು, “ಮರುದಿನದಿಂದ ಬಾಗಿಲು ತೆರೆದಿದ್ದಿರಲ್ಲರೀ ಸರ್” ಎಂದು ಹೇಳಿ ಮಕ್ಕಳ ಕಡೆಗೆ ಓಡಿದನು.

ನಮ್ಮ ಹಳೆಯ ಶಾಸನಗಳಲ್ಲಿ ಒಂದು ಸೌಜನ್ಯವಿದೆ. ಅರಸನ ಬಿರುದುಗಳು, ಕಾದಾಟಗಳು, ದಾನಗಳು ಎಲ್ಲವೂ ಮುಗಿದ ಮೇಲೆ ಎಷ್ಟೋ ಶಾಸನಗಳ ಕೊನೆಯ ಸಾಲಿನಲ್ಲಿ, ಬರೆದ ಕವಿಯ ಮತ್ತು ಕಲ್ಲಿನಲ್ಲಿ ಕಂಡರಿಸಿದ ರೂವಾರಿಯ ಹೆಸರುಗಳು ದೊರೆಯುತ್ತವೆ. ಓದುತ್ತ ಓದುತ್ತ ಕೆಳಗಿಳಿದವನಿಗೆ ಮಾತ್ರ ಆ ಹೆಸರುಗಳು ಕಾಣುತ್ತವೆ. ಶಾಲೆಯ ಸಂಸ್ಮರಣ ಸಂಪುಟಗಳೂ ಒಂದು ಬಗೆಯ ಶಾಸನಗಳೇ. ಗೆದ್ದವರ, ಹೆಸರಾದವರ, ಕೊಟ್ಟವರ ಭಾವಚಿತ್ರಗಳು ಅವುಗಳಲ್ಲಿ ಸಹಜವಾಗಿಯೇ ಮುಂದಿನ ಪುಟಗಳನ್ನು ಅಲಂಕರಿಸುತ್ತವೆ. ಕೊನೆಯ ಪುಟದಲ್ಲಿ, ಮುಂಜಾನೆ ಬೀಗದ ಕೈ ಹಿಡಿದು ಬಂದು ಮೈದಾನದ ಬಾಗಿಲು ತೆರೆದವರಿಗಾಗಿ ಒಂದು ಸಾಲನ್ನು ಬಿಟ್ಟಿರುವುದು ಒಳ್ಳೆಯದು.